ಸೇದದ ಸಿಗರೇಟು

ಕೆನ್ನೆ ತೀರಾ ಒಳಗೆ ಹೋಗಿದ್ದರಿಂದ ಚರ್ಮವನ್ನು ಹೆಬ್ಬೆರಳಿನಿಂದ ಎಳೆದು ಹಿಡಿದು ಅವಳು ಸತ್ತ ಗಂಡನ ಗಡ್ಡ ಬೋಳಿಸುತ್ತಿದ್ದಳು. ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಗಡ್ಡ ಬಿಟ್ಟರೆ ಧೂಳು ಕೂತು ಮುದುಕನ ಹಾಗೆ ಕಾಣುತ್ತೇನೆ ಎಂದು ದಿನಾ ಬೋಳಿಸಿಕೊಳ್ಳುತ್ತಿದ್ದ ಶೋಕಿಯ ಮನುಷ್ಯ. ಮುದುಕನಾಗುವ ಯೋಗವೇ ಅವನಿಗಿರಲಿಲ್ಲ.

"ಆ ಸಿಗರೇಟೊಂದು ಬಿಟ್ಟಿದ್ರೆ ಇನ್ನೂ ಗಟ್ಟಿಯಾಗಿರ್ತಿದ್ರು," ಪಕ್ಕದ ಮನೆಯಾಕೆ ಮೂಗೊರೆಸಿಕೊಂಡಳು. "ನೀನಾದ್ರೂ ಗದರಬೇಕಿತ್ತಮ್ಮ."

"ನಾನೂ ಎಷ್ಟೋ ಸಲ ಹೇಳ್ದೆ," ಕುರ್ಚಿಯಲ್ಲಿ ಕೂತಿದ್ದ ಕಾರ್ಖಾನೆಯ ಧಣಿ ಹೇಳಿದರು. "ಕೇಳಬೇಕಲ್ಲ ಅವನು."

ಬಾಗಿಲ ಬಳಿ ನಿಂತಿದ್ದ ಅವಳ ತಮ್ಮ ಗೋಡೆಗೆ ಮುಖ ತಿರುಗಿಸಿ ಕೆಮ್ಮಿದ. ಅವನೂ ಅದೇ ಕಾರ್ಖಾನೆಯವನು.

ಸತ್ತವರ ಮೇಲೆ ಗೂಬೆ ಕೂರಿಸುವುದು ಸುಲಭ. ಆದರೆ ಈ ಗೂಬೆಯನ್ನು ಅವಳ ಗಂಡನೇ ಕರೆದು ಕೂರಿಸಿಕೊಂಡಿದ್ದ.

*

ಉಸಿರು ಕಟ್ಟತೊಡಗಿದಾಗ ಗಂಡ ಹೆಂಡತಿ ಆಸ್ಪತ್ರೆಗೆ ಹೋಗಿದ್ದರು. ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಕೇಳಿದರು.

"ಕಲ್ಲು, ಸಿಮೆಂಟು, ಧೂಳಿನ ಕೆಲಸ ಏನಾದ್ರೂ ಮಾಡ್ತೀರಾ? ಕೆಲಸದಿಂದ ಬಂದ ಕಾಯಿಲೆ ಆದ್ರೆ ನಾನು ಸರ್ಕಾರಕ್ಕೆ ತಿಳಿಸ್ಬೇಕು. ನಿಮ್ಮ ಧಣಿನೂ ತಿಳಿಸ್ಬೇಕು. ಕಾನೂನಿದೆ."

"ಇಲ್ಲ ಡಾಕ್ಟ್ರೇ. ಗೋದಾಮು ಕಾಯೋ ಕೆಲಸ. ಸಿಗರೇಟು ಸ್ವಲ್ಪ ಜಾಸ್ತಿ."

ಅವಳು ಬಾಯಿ ತೆರೆದಳು. ಅವನು ಮೇಜಿನ ಕೆಳಗೆ ಅವಳ ಕಾಲು ತುಳಿದ.

ಹೊರಗೆ ಬಂದ ಮೇಲೆ ಹೇಳಿದ: "ತಿಳಿಸಿದ್ರೆ ಕಾರ್ಖಾನೆ ಬಾಗಿಲು ಹಾಕಿಸ್ತಾರೆ ಕಣೇ. ನಿನ್ನ ತಮ್ಮನ್ನ ಅಲ್ಲಿ ಸೇರಿಸಿದ್ದೇ ನಾನು. ಅವನ ಹೊಟ್ಟೆ ಮೇಲೆ ಹೊಡೀಲಾ?"

ಸುಳ್ಳಿಗೆ ಸಾಕ್ಷಿ ಬೇಕಲ್ಲ, ಒಂದು ಪ್ಯಾಕು ಕೊಂಡ. ಬೀದಿ ತುದಿಯಲ್ಲಿ ನಾಲ್ಕು ಜನಕ್ಕೆ ಕಾಣುವಂತೆ ಒಂದನ್ನು ಹಚ್ಚಿ, ಬೆರಳ ಸಂದಿಯಲ್ಲೇ ಉರಿದುಹೋಗಲು ಬಿಟ್ಟ.

"ಹಿಡ್ಕೊಳ್ಳೋಕೂ ಬರಲ್ವಲ್ರೀ ನಿಮಗೆ," ಎಂದಳು. ಇಬ್ಬರೂ ನಕ್ಕರು. ನಗು ಕೆಮ್ಮಾಯಿತು. ಅವನು ರಸ್ತೆಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ, ಅವಳು ಬೆನ್ನು ನೀವಿದಳು.

*

ಮರಣ ಪ್ರಮಾಣಪತ್ರ ಬರೆಯಲು ಅದೇ ಡಾಕ್ಟರಮ್ಮ ಬಂದರು. "ಸಿಗರೇಟಿನಿಂದ ಶ್ವಾಸಕೋಶ ಹಾಳಾಗಿ ಅಂತ ಬರೀತೀನಮ್ಮ."

ಧಣಿ ತಲೆಯಾಡಿಸಿದರು.

"ಇವರು ಒಂದೂ ಸೇದಿಲ್ಲ ಡಾಕ್ಟ್ರೇ," ಎಂದಳು ಅವಳು. "ಇವರು ಗೋದಾಮು ಕಾಯ್ತಿರ್ಲಿಲ್ಲ. ಕಲ್ಲು ಕೊಯ್ತಿದ್ರು."

"ಅಕ್ಕ, ಸುಮ್ನಿರು," ತಮ್ಮ ಹತ್ತಿರ ಬಂದ. "ಬಾವ ಹೇಳಿದ್ದು ಹಾಗೇ ಇರ್ಲಿ. ನನ್ನ ಕೆಲಸ ಹೋಗುತ್ತೆ."

"ನಿನಗೋಸ್ಕರ ಹೇಳಿದ ಸುಳ್ಳು ಕಣೋ ಅದು. ಅವರ ಜೊತೆಗೇ ಹೋಗ್ಲಿ." ಇಷ್ಟು ಹೊತ್ತು ತಡೆದಿದ್ದ ಅಳು ಒತ್ತರಿಸಿ ಬಂತು. "ಇವನೂ ಅದೇ ಯಂತ್ರದ ಮುಂದೆ ನಿಲ್ತಾನೆ ಡಾಕ್ಟ್ರೇ. ಒಬ್ಬರನ್ನ ಕಳಿಸ್ತಿದ್ದೀನಿ. ಇನ್ನೊಬ್ಬನ್ನ ಕಳಿಸೋ ಶಕ್ತಿ ನನಗಿಲ್ಲ."

"ಸಾವಿನ ಮನೇಲಿ ಈಗ್ಯಾಕೆ ಈ ಮಾತು," ಎನ್ನುತ್ತ ಧಣಿ ಎದ್ದರು.

ಡಾಕ್ಟರಮ್ಮ ಆ ಖಾಲಿ ಕುರ್ಚಿಯನ್ನು ಎಳೆದು ತಮ್ಮನನ್ನು ಕೂರಿಸಿದರು. ಅಂಗಿ ಮೇಲೆತ್ತಿದರು.

"ಉಸಿರು ಎಳ್ಕೊಳ್ಳಿ."

ಎಳೆದುಕೊಂಡ. ಅರ್ಧ ಬೋಳಿಸಿದ ಗಂಡನ ಮುಖದ ಮೇಲೆ ಕೈಯಿಟ್ಟುಕೊಂಡು ಅವಳು ಡಾಕ್ಟರಮ್ಮನ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ."

ಸ್ಟೆತಸ್ಕೋಪು ಬೆನ್ನಿನ ಎಡಗಡೆಯಿಂದ ಬಲಗಡೆಗೆ ಹೋಯಿತು. ಆಮೇಲೆ ನಿಧಾನವಾಗಿ ಎಡಕ್ಕೆ, ಮೊದಲಿನ ಜಾಗಕ್ಕೇ ಮರಳಿ ಬಂದು, ಅಲ್ಲೇ ನಿಂತಿತು.