ನೀರು ತೋರಿಸದ ಕೌದಿ

ಹೊಳೆಮಣ್ಣೂರಿನ ಉಡಚವ್ವ ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಆಕೆಯದೊಂದು ವಿಚಿತ್ರ ಹಟವಿತ್ತು. ಯಾವ ಕೌದಿಗೂ ಮೊದಲ ಹೊಲಿಗೆಯನ್ನು ಆಕೆ ಹಾಕುತ್ತಿರಲಿಲ್ಲ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿಕೊಂಡು ಕಾಯುತ್ತ ಕೂಡುವಳು. ಯಾರಾದರೂ ಅಂಚಿನಲ್ಲಿ ನಾಲ್ಕು ಹೊಲಿಗೆ ಹಾಕಿಕೊಟ್ಟರೆ ಸಾಕು, ಉಳಿದದ್ದನ್ನು ಕಣ್ಣು ಮುಚ್ಚಿಕೊಂಡು ಮುಗಿಸುವಳು. ಯಾರೂ ಸಿಗದ ದಿನ, ನೀರಿಗೆ ಹೊರಟ ಹುಡುಗಿಯನ್ನಾದರೂ ತಡೆದು, "ಬಾರವ್ವಾ, ಒಂದೀಟ ಸೂಜಿ ಚುಚ್ಚಿ ಹೋಗು" ಎನ್ನುವಳು. ಊರ ಹೆಂಗಸರು ಇದಕ್ಕೆ ನಗುತ್ತಿದ್ದರು. ಕೈಗುಣ ಇದ್ದವರಿಗೆ ಒಂದೊಂದು ಹುಚ್ಚು ಇರುತ್ತದೆ ಎಂದು ಬಿಟ್ಟುಬಿಟ್ಟಿದ್ದರು. ನಕ್ಕವರಲ್ಲಿ ಒಬ್ಬರೂ ಕಾರಣ ಕೇಳಿರಲಿಲ್ಲ. ಕೇಳಿದ್ದರೂ ಆಕೆ ಬಾಯಿ ಬಿಡುತ್ತಿದ್ದಳೆಂದು ನಾನಂತೂ ನಂಬುವುದಿಲ್ಲ.

ಆಕೆಯ ಮನೆಯಲ್ಲೇ ಸುತ್ತ ಹತ್ತೂರಿನವರು ಬಾಯಿ ಬಿಟ್ಟು ನೋಡುವಂಥ ಕೌದಿಯೊಂದಿತ್ತು. ಅದು ಆಕೆಯ ಅತ್ತೆ ಮುದುಕವ್ವ ಹೊಲಿದದ್ದು. ಸುತ್ತಲೂ ಗುಳೇದಗುಡ್ಡದ ಕುಪ್ಪಸದ ಖಣದ ತುಂಡುಗಳು, ಅವುಗಳ ಒಳಗೆ ಇಳಕಲ್ಲ ಸೀರೆಯ ಪಟ್ಟಿಗಳು, ನಟ್ಟನಡುವೆ ಸೆರಗಿನಿಂದ ಕತ್ತರಿಸಿದ ಕೆಂಪು ತುಂಡು. ಆ ಕೆಂಪಿನ ಮೇಲೆ ಒಂದೇ ಒಂದು ಹೊಲಿಗೆ ಓಡಿರಲಿಲ್ಲ. ಹೊಲಿಗೆ ಇಲ್ಲದ ಕಡೆ ಒಳಗಿನ ಬಟ್ಟೆ ಸರಿದು ಗಂಟಾಗುವುದು ಕೌದಿ ಹೊಲಿಯುವವರಿಗೆಲ್ಲ ಗೊತ್ತು. ಇಲ್ಲಿ ಗಂಟಿಲ್ಲ, ಸುಕ್ಕಿಲ್ಲ. ಉಂಡು ಮಲಗಿದ ಕೂಸಿನ ಹೊಟ್ಟೆಯ ಹಾಗೆ ಅದು ಹದವಾಗಿ ಉಬ್ಬಿ ನಿಂತಿತ್ತು.

ಇಂಥದ್ದೇ ಹೊಲಿಯಬೇಕೆಂದು ಆಸೆಪಟ್ಟವರು ಎಷ್ಟೋ ಮಂದಿ. ಗಜೇಂದ್ರಗಡದ ಬಟ್ಟೆ ವ್ಯಾಪಾರಿಯ ಹೆಂಡತಿ ಬಂದು ನೋಡಿ, ಮನೆಗೆ ಹೋಗಿ ಹೊಸ ಬಟ್ಟೆಯನ್ನೇ ಹರಿದು ತುಂಡು ಮಾಡಿಕೊಂಡು, ಕಡೆಗೆ ಎಲ್ಲವನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದಳಂತೆ. ನರಗುಂದದವಳೊಬ್ಬಳು ಕಣ್ಣು ಮಂಜು ಎಂದಳು. ಇನ್ನೊಬ್ಬಳು ಇಂಥ ಸೆರಗು ಈಗೆಲ್ಲಿ ಸಿಗುತ್ತದೆ ಎಂದಳು. ಮತ್ತೊಬ್ಬಳು ಸೊಸೆ ಬರಲಿ, ನೋಡೋಣ ಎಂದಳು. ನೆಪಗಳಿಗೇನು ಬರಗಾಲವೇ? ಇದ್ದ ಮಾತನ್ನು ಇದ್ದ ಹಾಗೆ ಆಡಿದವಳು ಪಕ್ಕದ ಮನೆಯ ಜಮಾಲಬಿ ಒಬ್ಬಳೇ. ಉಡಚವ್ವನ ಜೊತೆಗೇ ಕೂತು ಕೌದಿಗೆ ಕೈ ಪಳಗಿಸಿಕೊಂಡವಳು ಆಕೆ.

"ನಡಬರಕ ಆ ಕೆಂಪ ತುಂಡ ಹ್ಯಾಂಗ ನಿಂತೈತಿ ಅಂತ ತಿಳೀವಲ್ದು. ಅದು ತಿಳೀಲಾರ್ದ ಅಂಚಿಗೆ ಹ್ಯಾಂಗ ಸೂಜಿ ಹಾಕ್ಲಿ? ಅದನ್ನ ನೋಡಿದಾಗೊಮ್ಮೆ ಕೈ ಹಿಂದ ಸರೀತೈತಿ ನೋಡವ್ವಾ" ಎಂದಿದ್ದಳು.

ಮುದುಕವ್ವ ಬದುಕಿರುವ ತನಕ ಗುಟ್ಟು ಬಿಟ್ಟುಕೊಡಲಿಲ್ಲ. ಆ ಕೌದಿಯನ್ನು ಹಾಸಲಿಲ್ಲ, ಹೊದೆಯಲಿಲ್ಲ. ವರ್ಷಕ್ಕೊಮ್ಮೆ ಬಿಸಿಲು ತೋರಿಸಿ, ಝಾಡಿಸಿ, ಮಡಿಚಿ ಮತ್ತೆ ಬಟ್ಟೆ ಹಾಕುವ ಗಳದ ಮೇಲೆ ಇಡುವಳು. "ಅದಕ್ಕ ನೀರ ಮಾತ್ರ ತೋರಸಬ್ಯಾಡ್ರಿ" ಎಂಬುದೊಂದೇ ಆಕೆಯ ಅಪ್ಪಣೆ. ಸಾಯುವ ಹೊತ್ತಿನಲ್ಲಿ ಆ ಗಳದ ಕಡೆ ನೋಡಿ, ಆಮೇಲೆ ಸೊಸೆಯ ಕಡೆ ನೋಡಿ, ಏನೋ ಹೇಳಲು ಬಾಯಿ ತೆರೆದಿದ್ದಳು. ದನಿ ಹೊರಡಲಿಲ್ಲ.

ಉಡಚವ್ವನಿಗೆ ಮಾತ್ರ ಆ ಕೌದಿಯನ್ನು ಕಂಡರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಆಕೆ ಚೊಚ್ಚಲ ಬಸುರಿಯಾಗಿದ್ದಾಗ, ಹುಟ್ಟುವ ಕೂಸಿಗೆಂದು ತನ್ನ ಮದುವೆಯ ಹಳದಿ ಸೀರೆಯನ್ನು ಕತ್ತರಿಸಿ ಸಣ್ಣ ಕೌದಿಯೊಂದನ್ನು ಶುರು ಮಾಡಿದ್ದಳು. ಆಕೆಯ ಮೊದಲ ಕೌದಿ. ಹೊಲಿಗೆಗಳೆಲ್ಲ ಸೊಟ್ಟಪಟ್ಟ. ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರುವಷ್ಟರಲ್ಲಿ ನೋವು ಬಂತು. ಗಂಡು ಕೂಸು, ಅಳಲಿಲ್ಲ, ಕಣ್ಣು ಬಿಡಲಿಲ್ಲ. ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿ ಬಂದರು. ಸೂಜಿ ಚುಚ್ಚಿದ ಹಾಗೆಯೇ ಇದ್ದ ಕೌದಿಯನ್ನು ಉಡಚವ್ವ ಅತ್ತೆಯ ಮೇಲೆ ಎಸೆದಳು.

"ಇದನ್ನೂ ಹೊಳಿಗೆ ಒಗದು ಬರ್ರಿ. ನನ್ನ ಕಣ್ಣಿಗೆ ಕಾಣಬಾರ್ದು" ಎಂದಳು.

ಮುದುಕವ್ವ ಅದನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋದಳು, ಬರಿಗೈಯಲ್ಲಿ ಬಂದಳು. ತಿಂಗಳು ಕಳೆಯುವುದರೊಳಗೆ ಹಿತ್ತಲ ಖೋಲಿಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಈ ಚೆಂದದ ಕೌದಿಗೆ ಕೂತುಬಿಟ್ಟಳು. ಮೊಮ್ಮಗನನ್ನು ಮಣ್ಣಿಗೆ ಇಟ್ಟು ಬಂದ ಮನೆಯಲ್ಲಿ ಬಣ್ಣದ ತುಂಡು ಜೋಡಿಸುವ ಮನಸ್ಸಾದರೂ ಈ ಮುದುಕಿಗೆ ಹೇಗೆ ಬಂತೋ ಎಂದು ಸೊಸೆ ಹಲ್ಲು ಕಚ್ಚಿದಳು. ಆ ಸಿಟ್ಟು ಅತ್ತೆ ಸತ್ತ ಮೇಲೂ ಹೋಗಿರಲಿಲ್ಲ.

ಸಿಟ್ಟಿನ ಕೆಳಗೆ ಭಯವೂ ಇತ್ತು. ಉಡಚವ್ವನಿಗೆ ಮತ್ತೆ ಬಸಿರು ನಿಲ್ಲಲಿಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ಒಂದು ಸಪ್ಪಳ ಕೇಳಿಸುತ್ತಿತ್ತು. ದಪ್ಪ ಬಟ್ಟೆಯೊಳಗಿಂದ ದಾರ ಎಳೆದ ಸಪ್ಪಳ. ಸರ್ರ್ ಎನ್ನುವುದು, ತುಸು ತಡೆದು ಮತ್ತೆ ಸರ್ರ್. ಗಂಡ ಈಶಪ್ಪನ ಕಿವಿಗೆ ಅದು ಬೀಳುತ್ತಿರಲಿಲ್ಲ. ಇಲಿ ಇರಬೇಕೆಂದು ಅವನು ಬೋನು ತಂದಿಟ್ಟ; ಬೋನಿನಲ್ಲಿ ಹಾಕಿದ ರೊಟ್ಟಿ ಹಾಗೇ ಒಣಗಿತು. ಹೊಳೆಯ ತಳದಲ್ಲಿ ಒಂದು ಸಣ್ಣ ಕೈ ತನ್ನ ಕೌದಿಯನ್ನು ಮುಗಿಸಲು ಹೆಣಗುತ್ತಿದೆ, ಅದಕ್ಕೆ ಹೊಲಿಯಲು ಬರುವುದಿಲ್ಲ ಎಂದು ಉಡಚವ್ವನಿಗೆ ಅನಿಸುತ್ತಿತ್ತು. ತಾನು ಇನ್ನೊಂದು ಕೌದಿ ಶುರು ಮಾಡಿದರೆ ಅದೂ ಅರ್ಧಕ್ಕೆ ನಿಲ್ಲುತ್ತದೆ, ಜೊತೆಗೆ ಇನ್ನೊಂದು ಜೀವವನ್ನೂ ನಿಲ್ಲಿಸುತ್ತದೆ. ಅದಕ್ಕೇ ಮೊದಲ ಹೊಲಿಗೆ ಬೇರೆಯವರ ಕೈಯದು.

ಏಕೀಕರಣವಾದ ಮರುವರ್ಷ, ಶಿವರಾತ್ರಿ ಕಳೆದ ಮೇಲೆ, ಬಾಳವ್ವ ಚೊಚ್ಚಲ ಹೆರಿಗೆಗೆ ಬಂದಳು. ಬಾಳವ್ವ ಉಡಚವ್ವನ ತಂಗಿಯ ಮಗಳು. ತಾಯಿ ತೀರಿಕೊಂಡಾಗ ತೊಟ್ಟಿಲಲ್ಲಿದ್ದ ಕೂಸನ್ನು ಉಡಚವ್ವನೇ ತಂದು ಸಾಕಿ, ಬೆಳವಣಕಿಗೆ ಕೊಟ್ಟು ಮದುವೆ ಮಾಡಿದ್ದಳು. ಬಂದವಳು ಗಂಟು ಇಳಿಸುವ ಮೊದಲೇ ಗಳದ ಕಡೆ ಕೈ ತೋರಿಸಿದಳು.

"ದೊಡ್ಡವ್ವಾ, ನನ್ನ ಕೂಸಿಗೆ ಅಜ್ಜೀದಂಥಾ ಕೌದಿ ಬೇಕು. ಸಣ್ಣದ ಸಾಕು. ನೀನ ಸುರು ಮಾಡ್ಬೇಕು, ನೀನ ಮುಗಸ್ಬೇಕು."

"ಜಮಾಲಬಿ ಒಂದೆರಡ ಹೊಲಿಗಿ ಹಾಕ್ಲಿ. ಆಮ್ಯಾಲೆ ನಾ ಕೂಡ್ತೀನಿ."

"ಊರ ಮಂದೀಗೆ ಹಾಂಗ ಮಾಡು. ನನಗ ಬ್ಯಾಡ."

ಇಷ್ಟು ದಿನ ಬೇರೆಯವರ ನೆಪಗಳಿಗೆ ಮೂಗು ಮುರಿಯುತ್ತಿದ್ದ ಉಡಚವ್ವ ಈಗ ಅವನ್ನೇ ಎರವಲು ತಂದಳು. ಕಣ್ಣು ಮಂಜು ಎಂದಳು. ದಾರ ಇಲ್ಲ ಎಂದಳು. ಬಾಳವ್ವ ರೋಣದ ಸಂತೆಯಿಂದ ದಾರ ತರಿಸಿದಳು. ಚಲೋ ಬಟ್ಟೆ ಇಲ್ಲ ಎಂದಳು. ಬಾಳವ್ವ ತನ್ನ ಹಸಿರು ಸೀರೆಯನ್ನೇ ಕತ್ತರಿಸಿ ತುಂಡು ಮಾಡಿ, ಅಚ್ಚುಕಟ್ಟಾಗಿ ಜೋಡಿಸಿ ಮುಂದಿಟ್ಟಳು. ಉಡಚವ್ವ ಸೂಜಿ ಹಿಡಿದಳು, ಬೆವತಳು, ಕೆಳಗಿಟ್ಟು ಎದ್ದಳು.

ಬಾಳವ್ವನ ತಾಳ್ಮೆ ಹರಿಯಿತು. "ನಿನ್ನ ಹೊಟ್ಟ್ಯಾಗ ಹುಟ್ಟಿದ ಮಗಳಾಗಿದ್ರ ಇಷ್ಟೊತ್ತಿಗೆ ಮುಗಸಿ ಇಟ್ಟಿರ್ತಿದ್ದಿ. ನಾ ಎಷ್ಟಂದ್ರೂ ತಂಗಿ ಮಗಳು" ಎಂದಳು. ಕಣ್ಣಲ್ಲಿ ನೀರು ಬಂದಿತ್ತು. "ಬೆಳವಣಕಿಗೆ ಹೋಗ್ತೀನಿ. ಅಲ್ಲೇ ಹಡೀತೀನಿ."

ಆ ಮಾತು ಉಡಚವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಚೊಚ್ಚಲ ಹೆರಿಗೆಗೆ ಬಂದ ಮಗಳು ಅತ್ತುಕೊಂಡು ತಿರುಗಿ ಹೋದರೆ ಈ ಮನೆಗೆ ಆಕೆ ಮತ್ತೆ ಕಾಲಿಡುವುದಿಲ್ಲ. ನಿಜ ಹೇಳೋಣವೆಂದರೆ, ತುಂಬಿದ ಬಸುರಿಯ ಮುಂದೆ ಸತ್ತ ಕೂಸಿನ ಮಾತು ಎತ್ತುವುದಾದರೂ ಹೇಗೆ? ಏನೂ ತೋಚದೆ ಗಳದ ಮೇಲಿನ ಕೌದಿಯನ್ನು ಜಗ್ಗಿ ಕೆಳಗೆ ಹಾಕಿದಳು. "ಅಂಥದ್ಯಾಕ? ಇದನ್ನ ತಗೋ. ಒಗದು ಕೊಡ್ತೀನಿ, ಒಣಗೂ ತನಕ ತಡಿ" ಎಂದಳು. ಆ ಗಡಿಬಿಡಿಯಲ್ಲಿ ಅತ್ತೆಯ ಅಪ್ಪಣೆ ನೆನಪಿಗೆ ಬರಲಿಲ್ಲ. ಬಾಳವ್ವ ಮುಖ ಊದಿಸಿಕೊಂಡೇ, ಒಣಗುವ ತನಕ ಇರುತ್ತೇನೆ ಎಂದು ಒಪ್ಪಿದಳು.

ಹೊಳೆ ಬತ್ತಿ ಅಲ್ಲಲ್ಲಿ ಮಡುವಾಗಿ ನಿಂತಿತ್ತು. ಕೌದಿ ನೀರು ಕುಡಿದು ಹೆಣಭಾರವಾಯಿತು. ಜಮಾಲಬಿಯೂ ಕೈಕೊಟ್ಟು ಇಬ್ಬರೂ ಹಿಂಡಿ, ಹೊತ್ತು ತಂದು ಮಾಳಿಗೆಯ ಮೇಲೆ ಹಾಸಿದರು. ಮಣ್ಣಿನ ಮಾಳಿಗೆ ಕಾದ ಹಂಚಿನಂತಿತ್ತು. ಅಂಥ ಬಿಸಿಲಿಗೆ ಸಂಜೆಯೊಳಗೆ ಸುತ್ತಲಿನದೆಲ್ಲ ಗರಿಗರಿಯಾಯಿತು, ನಡುವಿನ ಕೆಂಪು ತುಂಡು ಮಾತ್ರ ಹಸಿಯಾಗಿಯೇ ಉಳಿಯಿತು. ಮರುದಿನ ತಿರುಗಿಸಿ ಹಾಸಿದರು. ಸಂಜೆ ಹತ್ತಿ ನೋಡಿದರೆ ಇನ್ನೂ ಹಸಿ. ಉಡಚವ್ವ ಬಗ್ಗಿ ನೋಡಿದಳು. ಹಸಿ ಉಳಿದ ಜಾಗ ಒಂದು ಎಳೆಗೂಸನ್ನು ಮಲಗಿಸುವಷ್ಟೇ ಇತ್ತು. ಅಂಗೈ ಇಟ್ಟಳು. ಒದ್ದೆಯಾಗಿತ್ತು, ಬೆಚ್ಚಗೂ ಇತ್ತು, ಉಚ್ಚೆ ಹೊಯ್ದುಕೊಂಡ ಕೂಸಿನ ಹಾಸಿಗೆಯ ಹಾಗೆ. ಕೆಳಗೆ ಮನೆಯೊಳಗೆ ಕತ್ತಲಾಗುತ್ತಿತ್ತು. ಸರ್ರ್ ಎಂಬ ಸಪ್ಪಳ ಅಂದು ಅಲ್ಲಿಂದ ಬರಲಿಲ್ಲ, ಅಂಗೈಯ ಕೆಳಗಿಂದ ಬಂತು.

ಮರುದಿನ ಬೆಳಿಗ್ಗೆ ಜಮಾಲಬಿ ಬಂದು ಮುಟ್ಟಿ ನೋಡಿದಳು. "ಒಳಗ ಏನೋ ಐತಿ ಉಡಚವ್ವಾ. ಬಿಚ್ಚು."

"ಬ್ಯಾಡ. ಅತ್ತಿ ಬ್ಯಾಡಂದಿದ್ರು."

"ಅವರು ನೀರ ಬ್ಯಾಡಂದಿದ್ರು. ನೀರಂತೂ ತೋರಿಸಿದ್ಯಲಾ? ಹಿಂಗ ಹಸೀ ಇಟ್ರ ಕೊಳೀತೈತಿ. ಇದರ ಮ್ಯಾಲೆ ಹುಡುಗೀ ಕೂಸನ್ನ ಮಲಗಸ್ತೀಯೇನು?"

ಆ ಕಡೆಯ ಮಾತು ಕೆಲಸ ಮಾಡಿತು. ಕೌದಿಯನ್ನು ಪಡಸಾಲೆಗೆ ತಂದರು. ಬಾಳವ್ವ ಕಂಬಕ್ಕೆ ಒರಗಿ ನೋಡುತ್ತ ಕೂತಳು. ಮುದುಕವ್ವನ ಹೊಲಿಗೆಗಳು ಸಾಸಿವೆ ಕಾಳಿನಷ್ಟು ಸಣ್ಣವು. ಉಡಚವ್ವ ಕೆಂಪು ತುಂಡಿನ ಒಂದು ಬದಿಯ ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿದಳು. ಬಟ್ಟೆ ಬಾಯಿ ಬಿಟ್ಟಿತು. ಒಳಗೆ ಹಳದಿ ಕಂಡಿತು.

ಕೈ ಹಾಕಿ ಹೊರಗೆ ತೆಗೆದಳು. ಮೊಳದುದ್ದದ ಸಣ್ಣ ಕೌದಿ, ಒದ್ದೆಯಾಗಿ ಭಾರವಾಗಿತ್ತು. ಮದುವೆಯ ಸೀರೆಯ ಹಳದಿ ಅದು. ಸೊಟ್ಟಪಟ್ಟ ಹೊಲಿಗೆಗಳು ಅಂಚಿನಿಂದ ಸುತ್ತು ಹಾಕುತ್ತ ಬಂದು ನಡುವಿಗೆ ಮುಟ್ಟುವ ಮೊದಲೇ ನಿಂತಿದ್ದವು. ನಿಂತಲ್ಲಿ ಸೂಜಿ ತುಕ್ಕು ಹಿಡಿದಿದ್ದ ಒಂದು ಕಂದು ಕಲೆ. ಸೂಜಿಯನ್ನು ಮಾತ್ರ ಮುದುಕವ್ವ ತೆಗೆದಿದ್ದಳು. ಆ ಕೈಗೆ ಉಳಿದದ್ದನ್ನು ಮುಗಿಸುವುದು ಎಷ್ಟು ಹೊತ್ತಿನ ಕೆಲಸ! ಆದರೆ ತನ್ನದೊಂದು ಹೊಲಿಗೆಯನ್ನೂ ಹಾಕಿರಲಿಲ್ಲ. ಸೊಸೆ ಬಿಟ್ಟಲ್ಲಿಗೇ ಬಿಟ್ಟು, ಅದರ ಸುತ್ತ ಒಂದು ಮನೆ ಕಟ್ಟಿಕೊಟ್ಟಿದ್ದಳು.

"ಹೊಳಿಗೆ ಒಗೀಲಿಲ್ಲ ನಮ್ಮತ್ತಿ" ಎಂದಳು ಉಡಚವ್ವ. "ನನ್ನ ಮಗನ ಹಾಸಗೀನ ಮನ್ಯಾಗ ಇಟ್ಕೊಂಡಿದ್ಲು. ನಾ ಆಕೀನ ಸುಟ್ಟು ತಿಂದೆ."

ಆಮೇಲೆ ತಡೆಯಲಾಗಲಿಲ್ಲ. ಅಳುತ್ತಲೇ ಎಲ್ಲವನ್ನೂ ಹೇಳಿದಳು: ಅಳದ ಕೂಸು, ಸಂಜೆಯ ಸಪ್ಪಳ, ಮೊದಲ ಹೊಲಿಗೆಯ ಭಯ. ಬಾಳವ್ವ ಹೊಟ್ಟೆ ಹಿಡಿದುಕೊಂಡು ಸರಿದು ಬಂದು ಆಕೆಯ ಹೆಗಲಿಗೆ ಮುಖ ಒತ್ತಿದಳು.

"ನಾ ಅಂದ ಮಾತು ಮರತಬಿಡು ದೊಡ್ಡವ್ವಾ. ನನಗ ಗೊತ್ತಿರ್ಲಿಲ್ಲ."

"ನಿನಗ್ಯಾಂಗ ಗೊತ್ತಾಗಬೇಕು? ನನಗೇ ಗೊತ್ತಿರ್ಲಿಲ್ಲ."

ಸಣ್ಣ ಕೌದಿ ಆ ಒಂದೇ ಬಿಸಿಲಿಗೆ ಒಣಗಿತು. ಮರುದಿನ ಮಧ್ಯಾಹ್ನ ಉಡಚವ್ವ ಸೂಜಿಗೆ ದಾರ ಪೋಣಿಸಿ, ತುಕ್ಕಿನ ಕಲೆಯ ಮೇಲೆಯೇ ಚುಚ್ಚಿ, ಬಿಟ್ಟಲ್ಲಿಂದ ಮುಂದುವರಿಸಿದಳು. ಈಗ ಆಕೆಯ ಕೈಗೆ ನೇರ ಹೊಲಿಗೆ ಬರುತ್ತಿತ್ತು. ಆದರೂ ಬೇಕೆಂದೇ ಸೊಟ್ಟ ಹಾಕಿದಳು, ಹಳೆಯದಕ್ಕೆ ಹೊಂದಲಿ ಎಂದು. ಮುಗಿದಾಗ ಬಾಳವ್ವ ಮೆಲ್ಲಗೆ ಕೇಳಿದಳು:

"ಇದನ್ನ ನನ್ನ ಕೂಸಿಗೆ ಕೊಡ್ತೀಯೇನ ದೊಡ್ಡವ್ವಾ?"

"ಇಲ್ಲವ್ವಾ. ಇದು ಅವಂದು."

ಅದನ್ನು ಮತ್ತೆ ಕೆಂಪು ತುಂಡಿನೊಳಗೆ ಮಲಗಿಸಿ, ಮೇಲೆ ಕೈಯಾಡಿಸಿ, ಬಾಯಿ ಹೊಲಿದಳು. ನಡುವು ಮೊದಲಿನಂತೆಯೇ ಉಬ್ಬಿ ನಿಂತಿತು. ನೋಡುತ್ತಿದ್ದ ಜಮಾಲಬಿ, "ಅಂತೂ ಗುಟ್ಟು ತಿಳೀತು. ಇನ್ನ ನಾನೂ ಒಂದು ಸುರು..." ಎಂದವಳು ಅಲ್ಲಿಗೇ ತಡೆದಳು. ಹೊಲಿದ ಬಾಯಿಯ ಮೇಲೆ ಬೆರಳಾಡಿಸಿ, "ಬ್ಯಾಡ ಉಡಚವ್ವಾ. ಇಂಥಾ ಕೌದಿ ಹೊಲ್ಯಾಕ ಯಾರಿಗೂ ಬರಬಾರ್ದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದಳು.

ಸಂಜೆಯಾಯಿತು. ಕೌದಿಯನ್ನು ಗಳದ ಮೇಲೆ ಇಟ್ಟು ಉಡಚವ್ವ ದೀಪ ಹಚ್ಚಿದಳು. ಹಚ್ಚಿ, ರೂಢಿಯಂತೆ ಕಿವಿ ಬಿಗಿ ಹಿಡಿದು ಕಾದಳು. ಸಪ್ಪಳ ಬರಲಿಲ್ಲ. ಇನ್ನಷ್ಟು ಹೊತ್ತು ಕಾದಳು. ಒಳಗೆ ಬಾಳವ್ವ ಮಗ್ಗುಲು ಬದಲಿಸಿದ್ದು ಕೇಳಿಸಿತು, ಕೊಟ್ಟಿಗೆಯಲ್ಲಿ ಎತ್ತು ಕೊರಳು ಕೊಡವಿದ್ದು ಕೇಳಿಸಿತು, ಅದಷ್ಟೇ. ಇಪ್ಪತ್ತು ವರ್ಷ ಹೆದರಿದ್ದು ಆ ಸಪ್ಪಳಕ್ಕೆ. ಈಗ ಅದು ಇಲ್ಲವೆಂದಾಗ, ಇಷ್ಟು ದಿನ ಮನೆಯಲ್ಲಿ ಯಾರೋ ಇದ್ದು ಈಗ ಎದ್ದು ಹೋದಂತೆ ಆಕೆಯ ಎದೆ ಖಾಲಿಯಾಯಿತು. ಮಗನನ್ನು ಕಳೆದುಕೊಂಡದ್ದು ಇಂದೇ ಎನಿಸಿತು. ಆ ಮೌನದಲ್ಲಿ ಕೂಡಲು ಆಕೆಯಿಂದ ಆಗಲಿಲ್ಲ.

ದೀಪವನ್ನು ಹತ್ತಿರ ಎಳೆದುಕೊಂಡಳು. ಬಾಳವ್ವ ಜೋಡಿಸಿಟ್ಟಿದ್ದ ಹಸಿರು ತುಂಡುಗಳು ಮೂಲೆಯಲ್ಲಿ ಹಾಗೆಯೇ ಇದ್ದವು. ಅವನ್ನು ತೊಡೆಯ ಮೇಲೆ ಹರವಿ, ಸೂಜಿಗೆ ದಾರ ಪೋಣಿಸಿದಳು. ಅಂಚಿನಲ್ಲಿ ಚುಚ್ಚಿ, ಕೆಳಗಿನಿಂದ ತೆಗೆದು, ಎಳೆದಳು.

ಸರ್ರ್.

ಒಳಗಿನಿಂದ ಬಾಳವ್ವ ಕೂಗಿದಳು: "ದೊಡ್ಡವ್ವಾ, ಏನದು ಸಪ್ಪಳ?"

"ನಿನಗೂ ಕೇಳ್ತೇನ?" ಎಂದಳು ಉಡಚವ್ವ. ಇನ್ನೊಂದು ಹೊಲಿಗೆ ಹಾಕಿದಳು. "ಅಂಜಬ್ಯಾಡ ಮಲಕೋ. ನಾನ ಅದು. ಕೌದಿ ಸುರು ಮಾಡೀನಿ."