ಯಾರ ಕಡೆಯವರು?

ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಅವಳಿಗೆ ಬೀಗದಕ್ಕ ಎಂದೇ ಹೆಸರು. ರೋಗಿಗಳ ವಿವರವೆಲ್ಲ ಇರುವ ಕಂಪ್ಯೂಟರಿನೊಳಗೆ ಯಾರು ಕಾಲಿಡಬೇಕು, ಒಳಗೆ ಬಂದವರು ಯಾವ ಪುಟ ನೋಡಬೇಕು ಎಂದು ತೀರ್ಮಾನಿಸುವವಳು ಅವಳೇ. ನರ್ಸಿಗೆ ನರ್ಸಿನಷ್ಟು ಅಧಿಕಾರ, ಡಾಕ್ಟರಿಗೆ ಡಾಕ್ಟರಿನಷ್ಟು. ದೊಡ್ಡ ಡಾಕ್ಟರೇ ಬಂದು ಹಲ್ಲು ಕಿರಿದರೂ ಒಂದು ಪುಟ ಹೆಚ್ಚಿಗೆ ತೆರೆಯುತ್ತಿರಲಿಲ್ಲ.

ಈ ಕೆಲಸಕ್ಕೆ ಅವಳನ್ನು ತಂದವನು ಅದೇ ಕೋಣೆಯಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪ. ತಂದೆತಾಯಿ ಇಲ್ಲದ ಹುಡುಗಿಯನ್ನು ಸಾಕಿ, ಓದಿಸಿ, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿ, ಕೊನೆಗೆ ಗಂಡನ್ನೂ ಅವನೇ ಹುಡುಕಿ ಕೊಟ್ಟಿದ್ದ. ಅವಳೋ, ಹತ್ತಿದ ಏಣಿಯನ್ನೇ ಒದೆಯುವ ಜಾತಿ. "ನನಗ್ಯಾರು ಏನು ಕೊಟ್ಟಿದಾರೆ? ಎಲ್ಲಾ ನಾನೇ ಸಂಪಾದಿಸ್ಕೊಂಡಿದ್ದು" ಎನ್ನುವುದು ಅವಳ ಬಾಯಿಪಾಠ.

ಯಾರೇ ಬಾಗಿಲಿಗೆ ಬಂದರೂ ದೊಡ್ಡಪ್ಪ ಮೊದಲು ಕೇಳುತ್ತಿದ್ದುದು, "ನೀವು ಯಾರ ಕಡೆಯವರು?" ಕಳಿಸಿದವರ ಹೆಸರು ಹೇಳದವನು ಅವನ ಪಾಲಿಗೆ ಕಳ್ಳ. ಅವಳಿಗೂ ಹೇಳುತ್ತಿದ್ದ, "ಕಂಪ್ಯೂಟರಿನಲ್ಲಿ ಒಬ್ಬರ ಖಾತೆ ಅಳಿಸೋ ಮುಂಚೆ ಅವರು ಯಾರ್ಯಾರಿಗೆ ಏನೇನು ಕೊಟ್ಟಿದಾರೆ ನೋಡ್ಬೇಕು ಮಗಳೇ. ಅದನ್ನೆಲ್ಲ ಇನ್ನೊಬ್ಬರ ಹೆಸರಿಗೆ ಮಾಡಿ ಆಮೇಲೆ ಅಳಿಸು. ಕೊಟ್ಟೋರು ಹೋದ್ರೆ ಕೊಟ್ಟಿದ್ದೂ ಹೋಗುತ್ತೆ."

ಅವನು ತೀರಿಕೊಂಡು ನಾಲ್ಕು ತಿಂಗಳಾದರೂ ಅವನ ಖಾತೆ ಹಾಗೇ ಉಳಿದಿತ್ತು. ಒಂದು ಬೆಳಿಗ್ಗೆ, ಯಾರು ಯಾವಾಗ ಒಳಗೆ ಬಂದರು ಎಂಬ ಪಟ್ಟಿ ನೋಡುತ್ತಾ ಅವಳು ಒಂದು ಸಾಲಿಗೆ ಬಂದು ನಿಂತಳು. ದೊಡ್ಡಪ್ಪ ಈಗಲೂ ದಿನಾ ಒಂಬತ್ತಕ್ಕೆ ಒಳಗೆ ಬರುತ್ತಿದ್ದ. ಪಾಸ್‌ವರ್ಡ್ ಸರಿಯಾದದ್ದೇ. ಕಂಪ್ಯೂಟರೂ ಅವನದೇ, ಅವಳ ಪಕ್ಕದ್ದು. ಬಂದು ಬೀಗದಕ್ಕನ ಹೆಸರಿನ ಸಾಲು ತೆರೆದು, ನೋಡಿ, ಮುಚ್ಚಿ ಹೋಗುತ್ತಿದ್ದ. ಅಷ್ಟೇ.

ಪಕ್ಕಕ್ಕೆ ತಿರುಗಿದಳು. ಆ ಕಂಪ್ಯೂಟರಿನ ವೈರು ಕಿತ್ತಿಟ್ಟು ತಿಂಗಳುಗಳಾಗಿದ್ದವು. ಕುರ್ಚಿಯ ಮೇಲೆ ಧೂಳು ಕೂತಿತ್ತು.

"ಯಾರೋ ಕಳ್ಳರು" ಎಂದು ಗಟ್ಟಿಯಾಗಿಯೇ ಹೇಳಿಕೊಂಡಳು. ಹೆದರಿಕೆಯಾದರೆ ಅವಳಿಗೆ ಸಿಟ್ಟು ಬರುತ್ತದೆ. ಖಾತೆ ಅಳಿಸಲು ಹೊರಟರೆ ಪರದೆ ಕೇಳಿತು: ಇವರು ಕೊಟ್ಟಿದ್ದನ್ನೂ ಅಳಿಸಬೇಕೇ? ಅವನು ಯಾರಿಗೆ ಏನು ಕೊಟ್ಟಿದ್ದ ಎಂಬ ಪಟ್ಟಿ ನೋಡಬೇಕಿತ್ತು. ನೋಡಲಿಲ್ಲ. "ಏನು ಮಹಾ ಕೊಟ್ಟಿದಾರೆ" ಎನ್ನುತ್ತಾ ಹೌದು ಒತ್ತಿದಳು.

ಪರದೆ ಅವಳನ್ನೇ ಹೊರಗೆ ಹಾಕಿತು. ತನ್ನ ಅಧಿಕಾರ ಕೊಟ್ಟವನೂ ಅವನೇ ಅಲ್ಲವೇ ಎಂದು ಹಣೆ ಚಚ್ಚಿಕೊಂಡಳು. ಮೇಲಿನವರಿಗೆ ಹೇಳಿ ಸರಿಮಾಡಿಸಿದರಾಯಿತು ಎಂದು ಎದ್ದರೆ, ಹನ್ನೊಂದು ವರ್ಷ ದಿನಾ ನಮಸ್ಕಾರ ಹೊಡೆಯುತ್ತಿದ್ದ ಕಾವಲುಗಾರ ಬಾಗಿಲಿಗೆ ಅಡ್ಡ ನಿಂತ.

"ಯಾರಮ್ಮ ನೀವು? ಒಳಗೆ ಹೇಗೆ ಬಂದ್ರಿ?"

ತಮಾಷೆ ಎಂದು ನಕ್ಕಳು. ಅವನು ನಗಲಿಲ್ಲ.

ಆಗ ಅವಳಿಗೆ ಹೊಳೆಯಿತು. ಕೆಲಸ ಹೋದರೆ ಹಾಳಾಗಲಿ. ದೊಡ್ಡಪ್ಪ ಕೊಟ್ಟಿದ್ದು ಕೆಲಸವೊಂದೇ ಅಲ್ಲವಲ್ಲ. ಗಂಡನನ್ನು ಕೊಟ್ಟವನು ಅವನು, ಆ ಗಂಡನಿಂದ ಮಗಳು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದಳು.

ಅಂದು ಶಾಲೆಗೆ ರಜಾ. ಬಾಗಿಲ ಸರಪಳಿ ಬಿಡಿಸದೆ, ಸಂದಿಯಲ್ಲೇ ಏಳು ವರ್ಷದ ಮಗಳು ಇಣುಕಿದಳು. ಬೆಳಿಗ್ಗೆ ಬೀಗದಕ್ಕನೇ ಹೆಣೆದ ಜಡೆ, ಹಸಿರು ರಿಬ್ಬನ್ನು, ಎಲ್ಲಾ ಹಾಗೇ ಇತ್ತು.

"ಗುಬ್ಬೀ, ಬಾಗಿಲು ತೆಗಿಯೇ!"

"ಅಪ್ಪಾ, ಯಾರೋ ಬಂದಿದಾರೆ."

ಮನೆಯಲ್ಲೇ ಬಟ್ಟೆ ಹೊಲಿಯುವ ಗಂಡ, ಕತ್ತರಿ ಹಿಡಿದೇ ಎದ್ದು ಬಂದ. ಹೊರಗಿನವರಿಗೆ ಮಾತ್ರ ತೋರಿಸುವ ಮರ್ಯಾದೆ ಅವನ ಮುಖದಲ್ಲಿತ್ತು.

"ಗುರುತು ಸಿಗ್ಲಿಲ್ಲ. ನೀವು ಯಾರ ಕಡೆಯವರು?"

ಅವಳು ಅತ್ತೇಬಿಟ್ಟಳು. "ದೊಡ್ಡಪ್ಪನ ಕಡೆಯವಳು ಕಣ್ರೀ! ನಿಮ್ಮನ್ನೂ ಅವರೇ ಕೊಟ್ಟಿದ್ದು. ಎಲ್ಲಾ ಅವರೇ ಕೊಟ್ಟಿದ್ದು." ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂತು.

"ಅವರ ಹೆಸರು?"

ಬೆಳಿಗ್ಗೆ ತಾನೇ ಕೈಯಾರೆ ಅಳಿಸಿದ ಹೆಸರು. ನಾಲಿಗೆಯ ತುದಿಯಲ್ಲೇ ಇತ್ತು. ಎಷ್ಟು ತಡಕಾಡಿದರೂ ಬರಲಿಲ್ಲ.

"ಹೆಸರು ಹೇಳ್ದೆ ಇದ್ರೆ ಬಾಗಿಲು ತೆಗೀಬಾರ್ದು ಅಪ್ಪಾ" ಎಂದಳು ಗುಬ್ಬಿ, ಬೀಗದಕ್ಕ ದಿನಾ ಹೇಳಿಕೊಟ್ಟ ಹಾಗೆಯೇ, ಒಂದಕ್ಷರ ತಪ್ಪದೆ. ಬಾಗಿಲು ಮುಚ್ಚಿತು.