ಕರಡಿಗೆ ಹೇಳಿದ ಮಾತು

ಅಕ್ಕ ಬೆಳಗಾದರೆ ಬೇರೆ ಊರಿನ ಆಸ್ಪತ್ರೆಗೆ, ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಹೊರಡುವವಳಿದ್ದಳು. ನಾನೂ ಅವಳೂ ಮಾತು ಬಿಟ್ಟು ತಿಂಗಳಾಗುತ್ತ ಬಂದಿತ್ತು. ಹೋಗುವ ಮುಂಚೆ ಒಂದು ಮಾತಾದರೂ ಆಡಿಯಾಳು ಎಂದು ಕಾಯುತ್ತಿದ್ದೆ. ನಾನಾಗಿ ಬಾಯಿ ಬಿಡುವಂತಿರಲಿಲ್ಲ. ತಪ್ಪು ಅವಳದು.

ಆಗಿದ್ದಿಷ್ಟೆ. ಜ್ವರವೆಂದು, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಹಾಕಿ ಮಲಗಿದ್ದೆ. ಯಜಮಾನರು ಮನೆಗೆ ಫೋನ್ ಮಾಡಿದಾಗ ಎತ್ತಿದವಳು ಅಕ್ಕ. "ಜ್ವರಾನಾ? ಈಗ ತಾನೇ ಎರಡನೇ ಸಲ ಬಡಿಸ್ಕೊಂಡು ಉಂಡು ಮಲಗಿದಾನಲ್ಲ!" ಅಂದಿನಿಂದ ನಾನು ಸೀನಿದರೂ ಸಾಕು, ಯಜಮಾನರು "ಊಟ ಆಯ್ತಾ?" ಎನ್ನುತ್ತಾರೆ. ಅಂಗಡಿಯಲ್ಲಿ ಎಲ್ಲರೂ ನಗುತ್ತಾರೆ.

ಮನೆಯಲ್ಲಿ ನಮ್ಮ ಮಾತುಕತೆಯೆಲ್ಲ ಅಮ್ಮನ ಮೂಲಕ.

"ಬಚ್ಚಲು ಖಾಲಿ ಇದೆ ಅನ್ನಮ್ಮ ಅವನಿಗೆ."

"ಟವೆಲ್ ಮರೆತಿದಾಳೆ ಅನ್ನಮ್ಮ ಅವಳಿಗೆ."

"ನಾನೇನು ಟೆಲಿಫೋನ್ ಕಂಬಾನಾ?" ಎಂದು ಅಮ್ಮ.

ಆ ಸಂಜೆ ಒಳಕೋಣೆಯಿಂದ ಸೂಟ್‌ಕೇಸಿನ ಜಿಪ್ಪಿನ ಸದ್ದು ಬರುತ್ತಿತ್ತು. ಅದನ್ನು ಕೇಳಲಾಗದೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಏನೇನೋ ಹುಡುಕುತ್ತ ಕೂತೆ. ಹಳೆಯ ಆಟಗಳ ವೆಬ್‌ಸೈಟೊಂದರಲ್ಲಿ ಕೊಡೆ ಕರಡಿ ಸಿಕ್ಕಿಬಿಟ್ಟಿತು! ನಾವು ಚಿಕ್ಕವರಿದ್ದಾಗ ಟಿವಿಯಲ್ಲಿ ಬರುತ್ತಿದ್ದ ಕಾರ್ಟೂನು, ಅದರದೇ ಆಟ. ಕೊಡೆ ಹಿಡಿದ ಕರಡಿ ಹೊಂಡಗಳನ್ನು ಹಾರಿ, ಏಡಿಗಳಿಂದ ತಪ್ಪಿಸಿಕೊಂಡು ಮನೆ ಸೇರಬೇಕು. ಬ್ರೌಸರಿನಲ್ಲೇ ಆಡಬಹುದಿತ್ತು.

ಒತ್ತಿದೆ. ಆ ಪೀಪೀ ಸಂಗೀತ ಮನೆಯೆಲ್ಲ ತುಂಬಿತು. ಒಳಗೆ ಜಿಪ್ಪು ನಿಂತಿತು.

ಕರಡಿ ಓಡಿತು, ಮೊದಲ ಹೊಂಡಕ್ಕೇ ಬಿತ್ತು. ಮತ್ತೆ ಓಡಿತು, ಮತ್ತೆ ಅದೇ ಹೊಂಡ. ಆಗ ನೆನಪಾಯಿತು, ನನಗೆ ಹಾರಿಸಲು ಬರುವುದೇ ಇಲ್ಲ. ಇದ್ದ ಒಂದು ಕಂಪ್ಯೂಟರಿಗೆ ಕಿತ್ತಾಡುತ್ತೇವೆಂದು ಅಮ್ಮ ಕೀಬೋರ್ಡನ್ನೇ ಪಾಲು ಮಾಡಿಕೊಟ್ಟಿದ್ದಳು. ಓಡಿಸುವ ಬಾಣದ ಕೀಲಿಗಳು ನನಗೆ, ಹಾರಿಸುವ ಸ್ಪೇಸ್ ಬಾರ್ ಅಕ್ಕನಿಗೆ. ಹೊಂಡ ಬಂತೆಂದರೆ ಅಕ್ಕ ಹೆದರಿ ಕಣ್ಣು ಮುಚ್ಚುತ್ತಿದ್ದಳು. ನಾನು "ಹಾರು" ಎಂದಾಗ ಒತ್ತುತ್ತಿದ್ದಳು.

ಬಾಗಿಲಲ್ಲಿ ಅಕ್ಕ ಲೊಚಗುಟ್ಟಿದಳು. "ಅಮ್ಮಾ, ಕರಡಿ ಸಾಯ್ತಿದೆ ಅನ್ನು ಅವನಿಗೆ."

"ಕಣ್ಣಿದೆ, ಕಾಣ್ತಿದೆ ಅನ್ನಮ್ಮ."

"ಆ ಕರಡೀನೇ ಎಷ್ಟೋ ವಾಸಿ," ಅಡುಗೆಮನೆಯಿಂದ ಉತ್ತರ ಬಂತು.

ಅಕ್ಕ ಕುರ್ಚಿ ಎಳೆದು ಕೂತು ಸ್ಪೇಸ್ ಬಾರಿನ ಮೇಲೆ ಬೆರಳಿಟ್ಟಳು. ನಾನು ಓಡಿಸಿದೆ. ಹೊಂಡ ಬಂತು, ಅವಳು ಕಣ್ಣು ಮುಚ್ಚಿದಳು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಕರಡಿ ಬಿತ್ತು. ಪರದೆಯ ಮೂಲೆಯಲ್ಲಿ ಕೊನೆಯ ಕೊಡೆ ಉಳಿಯಿತು. ಅದೂ ಹೋದರೆ ಆಟ ಮುಗಿದಂತೆ.

ಮತ್ತೆ ಹೊಂಡ. ಇಡೀ ದಿನ ಎಕ್ಸ್‌ರೇಗೆ ಬಂದವರಿಗೆಲ್ಲ ಉಸಿರು ಬಿಗಿಹಿಡಿಯಿರಿ ಎನ್ನುವವಳು ಈಗ ತಾನೇ ಬಿಗಿಹಿಡಿದು ಕೂತಿದ್ದಳು. ಮುಚ್ಚಿದ ರೆಪ್ಪೆಗಳು ಅದುರುತ್ತಿದ್ದವು. ಚಿಕ್ಕಂದಿನಲ್ಲೂ ಹೀಗೇ ಅದುರುತ್ತಿದ್ದವು.

"ಹಾರು ಅಕ್ಕಾ!"

ಕರಡಿ ಹಾರಿತು.

"ಮೊದಲು ಮಾತಾಡಿದ್ದು ನೀನು!" ಅಕ್ಕ ಕುಣಿದಾಡಿಬಿಟ್ಟಳು.

"ನಿನಗಲ್ಲ. ಕರಡಿಗೆ ಹೇಳಿದ್ದು."

"ಕರಡಿ ಯಾವಾಗಿಂದ ನಿನಗೆ ಅಕ್ಕ ಆಯ್ತೋ?"

"ತಲೆಕೂದಲು ನೋಡಿದ್ರೆ ಗೊತ್ತಾಗಲ್ವಾ?"

ಬೆನ್ನಿಗೆ ಗುದ್ದು ಬಿತ್ತು. ಬಾರಿನ ಮೇಲಿನ ಬೆರಳು ಮಾತ್ರ ಕದಲಲಿಲ್ಲ.

ಆಮೇಲೆ ಎಲ್ಲ ಮಾತೂ ಕರಡಿಗೇ.

"ಕರಡೀ, ಕೆಲವರಿಗೆ ಸುಳ್ಳು ಜ್ವರಾನೂ ನೆಟ್ಟಗೆ ಬರಲ್ಲ."

"ಕರಡೀ, ಕೆಲವರ ಕೈಗೆ ಫೋನೇ ಕೊಡಬಾರದು."

ಕರಡಿ ಇನ್ನೊಂದು ಹೊಂಡ ದಾಟಿತು. ಅಕ್ಕ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು, "ಕರಡೀ, ನಾನು ಹಾಗೆ ಹೇಳಬಾರದಿತ್ತು. ಅಂಗಡೀಲಿ ಆಡ್ಕೊಂಡು ನಗ್ತಾರೆ ಅಂತ ಅಮ್ಮ ಹೇಳಿದ್ಲು. ತಪ್ಪಾಯ್ತು."

ತಿಂಗಳಿಂದ ಮಸೆದಿಟ್ಟ ಉತ್ತರವೊಂದಿತ್ತು. ಅದನ್ನು ಬಿಟ್ಟು ಕರಡಿಯನ್ನು ಇನ್ನಷ್ಟು ಮುಂದಕ್ಕೆ ಓಡಿಸಿದೆ.

"ಕರಡಿಗೆ ಬೇಜಾರಿಲ್ವಂತೆ," ಎಂದೆ.

ಅಷ್ಟರಲ್ಲಿ ತಟ್ಟೆ ಹಿಡಿದು ಬಂದ ಅಮ್ಮ "ಜಾಗ ಬಿಡಿ" ಎಂದು ಲ್ಯಾಪ್‌ಟಾಪಿನ ಮುಚ್ಚಳ ಟಪ್ಪನೆ ಮುಚ್ಚಿದಳು.

"ಅಮ್ಮಾ!" ಇಬ್ಬರೂ ಒಟ್ಟಿಗೆ ಕಿರುಚಿದೆವು.

ತೆರೆದಾಗ ಎಲ್ಲ ಅಳಿಸಿಹೋಗಿತ್ತು. ಕರಡಿ ಮೊದಲ ಹೊಂಡದ ಮುಂದೆ ಕೊಡೆ ತಿರುಗಿಸುತ್ತ ನಿಂತಿತ್ತು.

"ಬೆಳಿಗ್ಗೆ ಹೊರಡಬೇಕು ನೀನು. ಬಟ್ಟೆ ಇನ್ನೂ ಹರಡಿಕೊಂಡಿದೆ," ಎಂದಳು ಅಮ್ಮ.

"ಹೊರಡ್ತೀನಮ್ಮ." ಅಕ್ಕ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಾರಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿಕೊಂಡಳು.

"ಹೇಳೋ," ಎಂದಳು.